ಜೇನಜ್ಜಿಯ ಗುಣ

ಅಂಬೇವಾಡಿ, ದಾಂಡೇಲಿ
೯ ಮಾರ್ಚ್ ೨೦೨೫, ರವಿವಾರ

ಪ್ರೀತಿಯ ಸಲ್ಮಾ,

ಲಕೋಟೆಯ ಮೇಲೆ ನನ್ನ ಅಕ್ಷರ ಕಂಡ ಕೂಡಲೇ ನೀನು ಇದನ್ನು ಒಲೆಗೆ ಹಾಕಿಬಿಡಬಹುದು ಎಂಬ ಹೆದರಿಕೆಯಿಂದ ವಿಳಾಸವನ್ನು ಅಪ್ಪನ ಕೈಯಲ್ಲಿ ಬರೆಸಿದ್ದೇನೆ. ಅಪ್ಪನಿಗೆ ಕಾರಣ ಹೇಳಿಲ್ಲ. ಅವನ ದುಂಡು ಅಕ್ಷರ ನೋಡಿ ಕಾಲೇಜಿನಿಂದ ಏನೋ ಬಂದಿದೆ ಎಂದು ನೀನು ಒಡೆದಿರುತ್ತೀ. ಒಡೆದಿದ್ದೀಯಲ್ಲ, ಈಗ ಪೂರ್ತಿ ಓದು. ಆಮೇಲೆ ಒಲೆಗೆ ಹಾಕುವುದಿದ್ದರೆ ಹಾಕು. ರಂಜಾನಿನ ರೋಜಾಕ್ಕೆಂದು ಊರಿಗೆ ಹೋಗಿದ್ದೀ, ಸಂಜೆ ಹೇಗೂ ನಿಮ್ಮಲ್ಲಿ ಒಲೆ ದೊಡ್ಡದಾಗಿಯೇ ಉರಿಯುತ್ತಿರುತ್ತದೆ.

ಫೋನಿನಲ್ಲಿ ನೀನು ನನ್ನನ್ನು ಬ್ಲಾಕ್ ಮಾಡಿ ಇವತ್ತಿಗೆ ಮೂವತ್ತೈದು ದಿನ. ಕ್ಲಾಸಿನಲ್ಲಿ ನಾನು ಬಂದು ಕೂತರೆ ನೀನು ಎದ್ದು ಮುಂದಿನ ಬೆಂಚಿಗೆ ಹೋಗುತ್ತೀ. ನನಗೆ ಏನು ಬೇಕು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಸುತ್ತಿ ಬಳಸಿ ಬರುವುದು ನನಗೆ ಆಗದು ಎಂದು ನಿನಗೆ ಗೊತ್ತು. ನೀನು ನನ್ನೊಡನೆ ಮಾತಾಡಬೇಕು. ಬೈಯಲಿಕ್ಕಾದರೂ ಸರಿ. ಏಪ್ರಿಲ್ ಮೂವತ್ತಕ್ಕೆ ನಾವು ಕಟ್ಟಿದ ಕಂಪ್ಯೂಟರ್ ಆಟವನ್ನು ಸ್ಪರ್ಧೆಗೆ ಕಳಿಸಬೇಕು, ಅದು ನಿನಗೆ ನೆನಪಿರುತ್ತದೆ. ಅರವತ್ತು ಜೀವಿಗಳಲ್ಲಿ ನಲವತ್ತೊಂದರ ಚಿತ್ರ ನಿನ್ನವು, ನೀನು ಹೂಂ ಎನ್ನದೆ ನಾನು ಕಳಿಸುವುದಿಲ್ಲ. ಆದರೆ ಆಟ ಹಾಳಾಗಿ ಹೋದರೂ ನಾನು ಬದುಕುತ್ತೇನೆ. ನೀನು ಹೀಗೆಯೇ ಮುಂದಿನ ಬೆಂಚಿನಲ್ಲಿ ಕೂತು ಕಾಲೇಜು ಮುಗಿಸಿ ಹೋಗಿಬಿಟ್ಟರೆ ಹೇಗೆ ಎಂಬುದು ಮಾತ್ರ ನನಗೆ ತಿಳಿಯುತ್ತಿಲ್ಲ.

ಈಗ ನಿನಗೆ ಗೊತ್ತಿರುವುದನ್ನೇ ಮೊದಲಿನಿಂದ ಬರೆಯುತ್ತೇನೆ. ಬೇಸರ ಮಾಡಿಕೊಳ್ಳಬೇಡ. ಎಲ್ಲವನ್ನೂ ಸಾಲಾಗಿ ಇಟ್ಟು ನೋಡದೆ ನನಗೆ ಏನೂ ಅರ್ಥವಾಗುವುದಿಲ್ಲ, ಅದೇ ನನ್ನ ರೋಗ.

ಹಳಿಯಾಳದಲ್ಲಿ ಬಿಸಿಎ ಎರಡನೆಯ ವರ್ಷ. ನಾನು ದಾಂಡೇಲಿಯಿಂದ ದಿನಾ ಬಸ್ಸಿನಲ್ಲಿ ಬರುವವಳು, ನೀನು ಹಾಸ್ಟೆಲ್ಲಿನವಳು. ಜೀವಿಗಳನ್ನು ಹಿಡಿದು ಪಳಗಿಸಿ ಕಾದಾಡಿಸುವ ಆ ಹೊರದೇಶದ ಆಟದ ಹುಚ್ಚು ಇಬ್ಬರಿಗೂ ಚಿಕ್ಕಂದಿನಿಂದ ಇತ್ತು. ಅದರ ಅಭಿಮಾನಿಗಳು ಎಲ್ಲೆಲ್ಲೋ ಕೂತು ತಮ್ಮದೇ ಜೀವಿಗಳನ್ನು ಮಾಡಿ ತಮ್ಮದೇ ಆಟ ಕಟ್ಟುತ್ತಾರೆ, ದುಡ್ಡಿಗಲ್ಲ, ಪ್ರೀತಿಗೆ, ಎಂದು ನಾನು ಹೇಳಿದೆ. ಹಂಗಾದ್ರ ನಮ್ಮ ಕಾಡಿನ ಪ್ರಾಣಿ ಯಾಕ ಬ್ಯಾಡ ಎಂದು ನೀನು ಕೇಳಿದೆ. ಅವತ್ತೇ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಕೊಕ್ಕು ಇಷ್ಟುದ್ದ ಇರುವ ಮಂಗಟ್ಟೆ ಹಕ್ಕಿಯೊಂದನ್ನು ಬರೆದು ನನ್ನ ಕಡೆ ತಳ್ಳಿದೆ. ಚಿತ್ರ ನಿನಗೆ, ನಿಯಮ ನನಗೆ ಎಂದು ಕೆಲಸ ಹಂಚಿಕೊಂಡೆವು.

ಆಟದ ಜೀವ ಇರುವುದು ಗುಣಗಳ ಪಟ್ಟಿಯಲ್ಲಿ. ಹತ್ತು ಗುಣ ಇಟ್ಟುಕೊಂಡೆವು: ಬೆಂಕಿ, ನೀರು, ಕಲ್ಲು, ಗಾಳಿ, ಬಿದಿರು, ಜೇನು, ಹೊಗೆ, ಸದ್ದು, ಬೆಳಕು, ಕತ್ತಲೆ. ಪ್ರತಿ ಜೀವಿಗೂ ಒಂದು ಗುಣ. ಯಾವ ಗುಣದ ಏಟು ಯಾವುದರ ಮೇಲೆ ಇಮ್ಮಡಿಯಾಗಿ ಬೀಳುತ್ತದೆ, ಯಾವುದರ ಮೇಲೆ ಅರ್ಧ, ಯಾವುದರ ಮೇಲೆ ಏನೂ ಇಲ್ಲ ಎಂದು ಹತ್ತು ಸಾಲು, ಹತ್ತು ಕಂಬ, ನೂರು ಮನೆ. ಅಪ್ಪ ಪೇಪರ್ ಮಿಲ್ಲಿನಿಂದ ತಂದಿದ್ದ ದೊಡ್ಡ ಹಾಳೆಯನ್ನು ಗೋಡೆಗೆ ಅಂಟಿಸಿ, ಒಂದೊಂದು ಸಾಲು ತುಂಬಲು ಒಂದೊಂದು ರವಿವಾರ ಜಗಳಾಡಿದೆವು.

ಆ ಜಗಳಗಳು ಎಷ್ಟು ಚೆನ್ನಾಗಿದ್ದವು. ಬೆಂಕಿಯ ಏಟು ಬಿದಿರಿಗೆ ಇಮ್ಮಡಿ ಎಂದು ನಾನು ಬರೆಯುವಾಗ ಚಹಾ ಕುಡಿಯುತ್ತಿದ್ದ ಅಪ್ಪ ತಲೆ ಹಾಕಿದ. ಮೂವತ್ತು ವರ್ಷ ಬಿದಿರನ್ನು ಕಾಗದ ಮಾಡಿದವನು ಸುಮ್ಮನಿರುತ್ತಾನೆಯೇ? "ಬಿದಿರನ್ನ ಬೆಂಕಿ ಸುಡತೈತಿ ಅಷ್ಟ, ಖರೇ ಗೆಲ್ಲೂದು ನೀರು. ಕುದಿಸಿ ಕುದಿಸಿ ಗಂಜಿ ಮಾಡಿಬಿಡತೈತಿ," ಎಂದ. ನೀನು ನಕ್ಕು ನೀರಿನ ಸಾಲಿನಲ್ಲಿ ಇಮ್ಮಡಿ ಹಾಕಿಸಿದೆ. ಹೊಗೆ ಮತ್ತು ಜೇನಿನ ಮನೆಗಂತೂ ಎರಡು ವಾರ ಹಿಡಿಯಿತು. ಹೊಗೆ ಹಾಕಿದರೆ ಹುಳ ಓಡುತ್ತವೆ, ಆದ್ದರಿಂದ ಇಮ್ಮಡಿ ಎಂದು ನಾನು. "ನೀ ಎಂದಾರ ನೋಡೀಯೇನ? ಹೊಗಿ ಜೇನನ್ನ ಸೋಲಸೂದಿಲ್ಲ, ಬಾಜೂಕ ಸರಸತೈತಿ ಅಷ್ಟ. ಹುಳಾ ತಿರುಗಿ ಬರ್ತಾವ," ಎಂದು ನೀನು. ಕೊನೆಗೆ ಅರ್ಧ ಎಂದು ಬರೆದೆವು, ಮತ್ತು ಅದೇ ಸರಿಯಾಗಿತ್ತು.

ಕತ್ತಲೆಯ ಸಾಲಿಗೆ ಬಂದಾಗ ಮಾತ್ರ ನಾವು ಜಗಳಾಡಲಿಲ್ಲ. ಎಲ್ಲ ಆಟಗಳಲ್ಲಿ ಇರುವಂತೆ ನಾನೇ ತುಂಬಿದೆ. ಮೋಸ, ಕಳ್ಳತನ, ಹೆದರಿಕೆ, ಎಲ್ಲವೂ ಅದರ ಕಡೆ. ಏಟುಗಳ ಹೆಸರೂ ಹಾಗೆಯೇ ಇಟ್ಟೆ: ಕಣ್ಣು ಹಾಕು, ಬೆನ್ನಿಗೆ ಹೊಡೆ, ಬೆದರಿಸು. ನೀನು ಒಮ್ಮೆ ಮಾತ್ರ ಅಂದಿದ್ದೆ, ದೊಡ್ಡ ಮರದ ಜೇನನ್ನು ಬಿಡಿಸುವುದೇ ಅಮಾವಾಸ್ಯೆಯ ಆಸುಪಾಸಿನಲ್ಲಿ, ಹುಳಕ್ಕೆ ಕಣ್ಣು ಕಾಣದಾಗ ಎಂದು. "ನಮಗ ಕತ್ತಲಿ ಅಂದ್ರ ಡ್ಯೂಟಿ ಟೈಮು," ಎಂದು ನಕ್ಕಿದ್ದೆ. ನಾನೂ ನಕ್ಕೆ. ಪಟ್ಟಿಯಲ್ಲಿ ಏನನ್ನೂ ಬದಲಿಸಲಿಲ್ಲ.

ಇನ್ನೊಂದು ನಿಯಮವನ್ನೂ ನಾನೇ ಸೇರಿಸಿದ್ದೆ. ಆಟಗಾರ ಕತ್ತಲೆಯ ಜೀವಿಯನ್ನು ಜೊತೆಗೆ ಕರೆದುಕೊಂಡು ಪೇಟೆಗೆ ಬಂದರೆ ಅಂಗಡಿಯವರು ಬಾಗಿಲು ಹಾಕಿಕೊಳ್ಳುತ್ತಾರೆ, ಒಂದಾದ ಮೇಲೆ ಒಂದು, ಟಪ್ ಟಪ್ ಎಂದು. ಅದು ಎಲ್ಲಿಂದ ಹೊಳೆಯಿತೋ ನೆನಪಿಲ್ಲ. ಬಾವಲಿ ಬಂದರೆ ಜನ ಬಾಗಿಲು ಹಾಕುತ್ತಾರಲ್ಲ, ಹಾಗೆ ಇರಬೇಕು. ಮೊದಲ ಸಲ ಬಾವಲಿಯನ್ನು ಪೇಟೆಯಲ್ಲಿ ಓಡಾಡಿಸಿ ತೋರಿಸಿದಾಗ ನೀನೂ ನಕ್ಕಿದ್ದೆ.

ಆಮೇಲೆ ಜೇನಜ್ಜಿ ಬಂದಳು. ದೀಪಾವಳಿ ರಜೆ ಮುಗಿಸಿ ಬಂದ ದಿನ ನೀನು ಚೀಲದಿಂದ ಹಾಳೆ ತೆಗೆದು ಮಾತಿಲ್ಲದೆ ನನ್ನ ಮುಂದಿಟ್ಟೆ. ಗಿಡ್ಡ, ಗಟ್ಟಿ ಭುಜದ ಜೀವಿ. ನಿನ್ನ ಹಾಗೆಯೇ ಕಪ್ಪು ಮೈ, ಗುಂಗುರು ಕೂದಲು, ಕೂದಲ ತುಂಬ ಸಣ್ಣ ಜೇನು ಹುಳಗಳು, ಕೈಯಲ್ಲಿ ಹೊಗೆ ಹಾಕುವ ಹಸಿ ಸೊಪ್ಪಿನ ಸೂಡಿ. ನಿನ್ನ ಅಜ್ಜಿ, ನಿಮ್ಮ ದಾದಿ, ಎಂದು ನೀನು ಹೇಳಬೇಕಾಗಿರಲಿಲ್ಲ. ಅವಳಿಗೆಂದು ನೀನು ಮಾಡಿದ ಏಟಿನ ಹೆಸರು 'ಪಾಲು ಬಿಡು'. ಎದುರಾಳಿಯ ಶಕ್ತಿಯನ್ನೆಲ್ಲ ತೆಗೆದುಕೊಂಡು ಕೊನೆಗೆ ಒಂದಿಷ್ಟನ್ನು ಅವನಿಗೇ ಬಿಡುವುದು. ಇಂಥ ಏಟಿನಿಂದ ಯಾರೂ ಗೆಲ್ಲುವುದಿಲ್ಲ ಎಂದು ನಾನು ತಲೆ ತಿಂದೆ. ದಾದಿ ಎಂದೂ ಪೂರ್ತಿ ಜೇನುಹುಟ್ಟು ಕೊಯ್ದವಳಲ್ಲ, ಹುಳಗಳ ಪಾಲು ಬಿಟ್ಟೇ ಇಳಿಯುತ್ತಿದ್ದಳು, ಹಾಗೆಯೇ ಎಪ್ಪತ್ತು ವರ್ಷ ಬದುಕಿದ್ದಾಳೆ ಎಂದೆ ನೀನು. ಗುಣದ ಮನೆಯಲ್ಲಿ ನಿನ್ನ ಕೈಯಾರೆ 'ಜೇನು' ಎಂದು ಬರೆದೆ.

ಜನವರಿ ಕೊನೆಯಲ್ಲಿ ನಾನು ಲೆಕ್ಕ ಸರಿ ಮಾಡಲು ಕೂತೆ. ಅರವತ್ತು ಜೀವಿ, ಹತ್ತು ಗುಣ, ಪ್ರತಿ ಗುಣಕ್ಕೆ ಆರಾರು ಇರಬೇಕು. ಜೇನಿನಲ್ಲಿ ಏಳು ಇದ್ದವು, ಕತ್ತಲೆಯಲ್ಲಿ ಐದೇ. ಒಂದನ್ನು ಅತ್ತ ಸರಿಸಬೇಕಾಗಿತ್ತು. ಜೇನಜ್ಜಿಯನ್ನು ಸರಿಸಿದೆ. ಅರ್ಧ ನಿಮಿಷದ ಕೆಲಸ. ಗುಣ ಬದಲಾದರೆ ಆ ಗುಣದ ಏಟುಗಳು ತಾವಾಗಿ ಬಂದು ಕೂರುವಂತೆ ಮೊದಲೇ ಬರೆದಿಟ್ಟಿದ್ದೆನಲ್ಲ, 'ಪಾಲು ಬಿಡು' ಹೋಗಿ 'ಕಣ್ಣು ಹಾಕು' ಬಂದಿತ್ತು. ನಾನು ತೆರೆದು ನೋಡಲೂ ಇಲ್ಲ. ನಿನ್ನನ್ನು ಕೇಳಲೂ ಇಲ್ಲ. ಮರುದಿನ ಹೇಳೋಣ ಎಂದುಕೊಂಡೆ, ಮರೆತೆ.

ಫೆಬ್ರುವರಿ ಎರಡರ ರವಿವಾರ ನಿಮ್ಮ ಊರಿಗೆ ಬಂದದ್ದನ್ನು ಬರೆಯಲು ನನಗೆ ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ, ಏಕೆಂದರೆ ನಾನು ಅದನ್ನು ಹೇಗೆ ನೋಡಿದೆ ಎಂದು ನೀನು ಕೇಳಿಲ್ಲ, ನಾನು ಹೇಳಿಯೂ ಇಲ್ಲ. ಹಳಿಯಾಳದಲ್ಲಿ ಬಸ್ ಬದಲಿಸಿ, ಮುಂಡಗೋಡದಲ್ಲಿ ಟಂಟಂ ರಿಕ್ಷಾ ಹಿಡಿದು, ಇಂದೂರ ಹಳ್ಳಿ ದಾಟಿ ನಿಮ್ಮ ಮನೆ ಮುಟ್ಟುವಾಗ ನಡುಮಧ್ಯಾಹ್ನ. ಲ್ಯಾಪ್‌ಟಾಪನ್ನು ಮಡಿಲಲ್ಲಿ ಕೂಸಿನಂತೆ ಹಿಡಿದುಕೊಂಡು ಬಂದಿದ್ದೆ. ನಿನ್ನ ಅಬ್ಬಾ ಲಾಡಸಾಬ ಕಾಕಾ ಹೊಲದಿಂದ ಬೇಗ ಬಂದಿದ್ದರು. ಓಣಿಯ ಮಕ್ಕಳು ಕಟ್ಟೆಯ ಸುತ್ತ ಗುಂಪುಗೂಡಿದ್ದರು. ದಾದಿ ಕನ್ನಡಕ ಒರೆಸಿಕೊಂಡು ನನ್ನ ಪಕ್ಕದಲ್ಲೇ ಕೂತರು. ಚಿತ್ರದಲ್ಲಿ ತಮ್ಮನ್ನು ಕಂಡು ಅವರು ಬಾಯಿಗೆ ಸೆರಗು ಹಚ್ಚಿ ನಕ್ಕದ್ದು, ನೀನು ನನ್ನ ಕಡೆ ನೋಡಿದ್ದು. ಅಷ್ಟು ಹೆಮ್ಮೆಯಿಂದ ನೀನು ನನ್ನ ಕಡೆ ಹಿಂದೆಂದೂ ನೋಡಿರಲಿಲ್ಲ.

ನಾನು ಜೇನಜ್ಜಿಯನ್ನು ಪೇಟೆಗೆ ನಡೆಸಿದೆ. ಟಪ್. ಕಿರಾಣಿ ಅಂಗಡಿ ಮುಚ್ಚಿತು. ಟಪ್. ಬಟ್ಟೆ ಅಂಗಡಿ. ಒಬ್ಬ ಹೆಂಗಸು ಕೂಸನ್ನು ಎತ್ತಿಕೊಂಡು ಒಳಗೆ ಓಡಿದಳು. ಕೆಳಗಡೆ ಅಕ್ಷರ ಮೂಡಿತು: ಜೇನಜ್ಜಿ, ಗುಣ ಕತ್ತಲೆ, ಏಟು ಕಣ್ಣು ಹಾಕು. ಓದಲು ಬರುವ ಒಬ್ಬ ಹುಡುಗಿ ಅದನ್ನು ಗಟ್ಟಿಯಾಗಿ ಓದಿದಳು. ಮಕ್ಕಳು ನಗುವುದನ್ನು ನಿಲ್ಲಿಸಿದರು. ಅದು ಆಟದ ನಿಯಮ ದಾದಿ, ಸುಮ್ಮನೆ ತಮಾಷೆಗೆ ಎಂದು ನಾನು ಏನೋ ತೊದಲಿದೆ. ದಾದಿ ನನ್ನ ಬೆನ್ನ ಮೇಲೆ ಕೈ ಇಟ್ಟು, "ಬರೋಬರಿ ಮಾಡೀದಿ ಬೇಟಿ, ಹಿಂಗ ಹಾಕ್ಕೋತಾರ ಬಾಗಲಾ," ಎಂದರು.

ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ನಾನು ಬಹಳ ತಿಳಿದವಳು, ಇದ್ದದ್ದನ್ನು ಇದ್ದ ಹಾಗೆ ಮಾಡಿದ್ದೇನೆ ಎಂದು ನಿಜವಾಗಿಯೂ ಮೆಚ್ಚಿಕೊಂಡರು. ಅವರು ಬೈದಿದ್ದರೆ ನಾನು ಕಾಲಿಗೆ ಬೀಳುತ್ತಿದ್ದೆ, ಹಗುರಾಗುತ್ತಿದ್ದೆ. ಮೆಚ್ಚಿದರೆ ಏನು ಮಾಡಲಿ? ನೀನು ಲ್ಯಾಪ್‌ಟಾಪ್ ಮುಚ್ಚಿದೆ, ಚಹಾ ತಂದೆ, ಟಂಟಂ ನಿಲ್ಲುವಲ್ಲಿಯವರೆಗೂ ನಡೆದು ಬಂದೆ. "ಬಂತು, ಹತ್ತು," ಎಂದೆ. ಅದೇ ನಿನ್ನ ಕೊನೆಯ ಮಾತು.

ಮೊದಲ ವಾರ ನನಗೆ ನಿನ್ನ ಮೇಲೇ ಸಿಟ್ಟು ಬಂದಿತ್ತು, ಮುಚ್ಚಿಡುವುದಿಲ್ಲ. ಲೆಕ್ಕ ಕೂಡಿಸಲಿಕ್ಕೆ ಮಾಡಿದ್ದು, ಒಂದು ಅಕ್ಷರ ಬದಲಿಸಿದರೆ ಸರಿಹೋಗುವುದು, ಇಷ್ಟಕ್ಕೆ ಮುಖ ಊದಿಸಿಕೊಂಡು ಕೂರಬೇಕೇ ಎಂದು ನನ್ನೊಳಗೇ ವಾದಿಸಿದೆ. ಆರಾರರ ಲೆಕ್ಕ ಸುಳ್ಳಲ್ಲವಲ್ಲ. ಆಮೇಲೆ ಒಂದು ದಿನ ಜೇನಿನ ಏಳು ಚಿತ್ರಗಳನ್ನು ಮತ್ತೆ ಸಾಲಾಗಿ ತೆರೆದೆ. ಅವುಗಳಲ್ಲಿ ಕರಡಿ ಇತ್ತು ಸಲ್ಮಾ. ಕುಳಗಿ ಕಡೆಯ ಕಾಡಿನ ಕರಡಿ, ರಾತ್ರಿ ತಿರುಗುವುದು, ಮನುಷ್ಯರ ಮೈಮೇಲೆ ಬೀಳುವುದು, ಕಿವಿಯಿಂದ ಬಾಲದವರೆಗೂ ಕಪ್ಪು. ಕತ್ತಲೆಗೆ ಕಳಿಸಲು ಅದಕ್ಕಿಂತ ಬೇರೆ ಜೀವಿ ಬೇಕಿತ್ತೇ? ಆದರೆ ಕರಡಿಯ ಕಡೆ ನನ್ನ ಕೈ ಹೋಗಲೇ ಇಲ್ಲ. ಅದು ಜೇನು ತಿನ್ನುತ್ತದೆ, ಜೇನಿನದೇ ಎಂದು ಒಪ್ಪಿಕೊಂಡು ಮುಂದೆ ಹೋದೆ. ಹೆಂಗಸಿನ ಮುಖದ ಹತ್ತಿರ ಬಂದಾಗ ನಿಂತೆ. ಅವಳು ಜೇನು ಬಿಡಿಸುವವಳು, ಹುಳಗಳನ್ನು ಕೂದಲಲ್ಲಿ ಇಟ್ಟುಕೊಂಡವಳು, ಹೆಸರಿನಲ್ಲೇ ಜೇನು ಇರುವವಳು. ಅದೊಂದೂ ಕಾಣಲಿಲ್ಲ ನನಗೆ. ಬಣ್ಣ ಕಂಡಿತು, ಎಳೆದು ಅತ್ತ ಹಾಕಿದೆ.

ಯಾರೂ ನನಗೆ ಹಾಗೆ ಮಾಡು ಎಂದು ಹೇಳಿರಲಿಲ್ಲ. ನಾನು ಯೋಚಿಸಿ ಮಾಡಿದ್ದೂ ಅಲ್ಲ, ಅದೇ ನನಗೆ ಹೆಚ್ಚು ಹೆದರಿಕೆ. ಯೋಚಿಸಿ ಮಾಡಿದ ತಪ್ಪನ್ನು ಇನ್ನೊಮ್ಮೆ ಯೋಚಿಸಿ ತಿದ್ದಬಹುದು. ನಿನ್ನ ಪಕ್ಕದಲ್ಲಿ ಒಂದೂವರೆ ವರ್ಷ ಕೂತು, ನಿನ್ನ ಡಬ್ಬಿಯ ಊಟ ಉಂಡು, ನಿನ್ನ ದುಪ್ಪಟ್ಟಾ ಹೊದ್ದುಕೊಂಡು ಬಸ್ಸಿನಲ್ಲಿ ಮಲಗಿ ಬಂದ ಈ ಕೈ ಅರ್ಧ ನಿಮಿಷದಲ್ಲಿ ಅದನ್ನು ಮಾಡಿತು. ನನಗೆ ನಾಚಿಕೆಯಾಗಿದೆ. ತಪ್ಪಾಯಿತು ಎಂಬ ಮಾತು ಇದಕ್ಕೆ ಸಾಲುವುದಿಲ್ಲ ಎಂದು ಗೊತ್ತು, ಆದರೆ ಬೇರೆ ಮಾತು ಇಲ್ಲ. ತಪ್ಪಾಯಿತು ಸಲ್ಮಾ.

ಜೇನಜ್ಜಿಯನ್ನು ಮತ್ತೆ ಜೇನಿಗೆ ತಂದರೆ ಮುಗಿಯಿತು ಎಂದು ಮೊದಲು ಅನಿಸಿತ್ತು. ತಂದೆ. ಸಮಾಧಾನ ಆಗಲಿಲ್ಲ. ಕತ್ತಲೆಯ ಸಾಲು ಹಾಗೆಯೇ ಇತ್ತಲ್ಲ. ಅವಳು ತಪ್ಪಿಸಿಕೊಂಡಳು, ಬಾಗಿಲುಗಳು ಇನ್ಯಾರಿಗೋ ಕಾದು ನಿಂತಿದ್ದವು. ಹಾಗಾದರೆ ಯಾವ ಗುಣವೂ ಬೇಡ ಎಂದು ಅವಳ ಮನೆಯನ್ನು ಖಾಲಿ ಬಿಟ್ಟು ನೋಡಿದೆ. ಆಟ ಶುರುವೇ ಆಗಲಿಲ್ಲ. ಎಲ್ಲರಿಗೂ ಒಂದು ಗುಣ ಹಚ್ಚದೆ ನಮ್ಮ ಆಟ ಒಂದು ಹೆಜ್ಜೆಯೂ ನಡೆಯದ ಹಾಗೆ ಬರೆದವಳೂ ನಾನೇ.

ಕತ್ತಲೆಯ ಸಾಲನ್ನು ನೀನೇ ತುಂಬಿ ಕಳಿಸು ಎಂದು ಕೇಳಬೇಕೆಂದಿದ್ದೆ. ಆದರೆ ನಾನು ಕೆಡಿಸಿದ್ದನ್ನು ಸರಿ ಮಾಡುವ ಕೆಲಸವನ್ನೂ ನಿನ್ನ ತಲೆಗೆ ಕಟ್ಟುವುದು ಯಾವ ನ್ಯಾಯ ಎಂದು ಆಮೇಲೆ ಹೊಳೆಯಿತು. ಅದಕ್ಕೇ ಗೋಡೆಯ ಹಾಳೆಯಿಂದ ಆ ಸಾಲನ್ನು ನೋಡಿ ಬೇರೆ ಕಾಗದದಲ್ಲಿ ನಾನೇ ಹೊಸದಾಗಿ ತುಂಬಿದ್ದೇನೆ, ಇದರ ಜೊತೆ ಇಟ್ಟಿದ್ದೇನೆ. ನೀನು ಹಿಂದೆ ಆಡಿದ ಒಂದೊಂದೇ ಮಾತನ್ನು ನೆನೆಸಿಕೊಂಡು ತುಂಬಿದೆ. ಕತ್ತಲೆಯ ಏಟು ಜೇನಿನ ಮೇಲೆ ಅರ್ಧ, ಹುಳಕ್ಕೆ ಕಣ್ಣು ಕಾಣುವುದಿಲ್ಲ, ಅಷ್ಟೇ. ಕಲ್ಲಿನ ಮೇಲೆ ಏನೂ ಇಲ್ಲ. ಬೆಂಕಿಯ ಮೇಲೆ ಇಮ್ಮಡಿ ಹಾಕಿದ್ದೆ, ಹೊಡೆದು ಹಾಕಿದೆ, ಕತ್ತಲೆ ಇರುವುದರಿಂದಲೇ ಬೆಂಕಿ ಕಾಣುತ್ತದಲ್ಲ. ಕಣ್ಣು ಹಾಕುವುದನ್ನೂ ಬೆನ್ನಿಗೆ ಹೊಡೆಯುವುದನ್ನೂ ತೆಗೆದೆ. ಎರಡು ಮನೆಗಳಲ್ಲಿ ನನಗೆ ಏನೂ ತೋಚಲಿಲ್ಲ, ಅಲ್ಲಿ ತೋಚಲಿಲ್ಲ ಎಂದೇ ಬರೆದಿದ್ದೇನೆ. ತಪ್ಪಿದ್ದಲ್ಲಿ ಹೊಡೆದು ಹಾಕು. ಪೂರ್ತಿ ಹರಿದು ಹಾಕಿದರೂ ಸರಿ, ಆ ಚೂರುಗಳನ್ನಾದರೂ ನನ್ನ ಬೆಂಚಿನ ಮೇಲೆ ತಂದು ಹಾಕು. ಆಟ ಕಳಿಸಬೇಡ ಎಂದರೆ ನಿನ್ನ ನಲವತ್ತೊಂದು ಚಿತ್ರಗಳನ್ನೂ ನಿನಗೆ ಒಪ್ಪಿಸಿ ಸುಮ್ಮನಾಗುತ್ತೇನೆ, ವಾದ ಮಾಡುವುದಿಲ್ಲ. ನಾನು ವಾದ ಮಾಡುವುದಿಲ್ಲ ಎಂದರೆ ನೀನು ನಂಬುವುದಿಲ್ಲ, ಆದರೂ.

ಅವ್ವ ನಿನ್ನನ್ನು ಕೇಳುತ್ತಿರುತ್ತಾಳೆ. ನೀನು ಬಂದಾಗಲೆಲ್ಲ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕೊಟ್ಟು ಅವಳಿಗೆ ರೂಢಿಯಾಗಿಬಿಟ್ಟಿದೆ. "ಆ ಹುಡುಗಿ ಯಾಕ ಬರವಲ್ಲಳ? ಜಗಳಾ ಮಾಡೀರೇನ?" ಎಂದು ಹೋದ ರವಿವಾರವೂ ಕೇಳಿದಳು. ಪರೀಕ್ಷೆ ಹತ್ತಿರ ಬಂತು ಎಂದೆ. ಅವಳಿಗೆ ನಿಜ ಹೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.

ದಾದಿಗೆ ನನ್ನ ಸಲಾಂ ಹೇಳು ಎಂದು ಬರೆಯಲು ಮನಸ್ಸಾಗುತ್ತಿದೆ. ನೀನು ಹೇಳದಿದ್ದರೂ ತಪ್ಪು ತಿಳಿಯುವುದಿಲ್ಲ.

ನಿನ್ನ ಬೆನ್ನ ಹಿಂದಿನ ಬೆಂಚಿನಲ್ಲೇ ಇರುವ,
ಸ್ವಪ್ನಾ

ತಾ.ಕ.: ಪತ್ರ ಮಡಚುವ ಮೊದಲು ಆ ಬಾಗಿಲು ಮುಚ್ಚುವ ನಿಯಮವನ್ನು ಅಳಿಸಿಬಿಡೋಣ ಎಂದು ಕೂತೆ. ಲ್ಯಾಪ್‌ಟಾಪಿನಲ್ಲಿ ನಾವು ಬರೆದ ಪ್ರತಿ ಸಾಲಿನ ಪಕ್ಕದಲ್ಲೂ ಅದನ್ನು ಬರೆದ ತಾರೀಕು, ಹೊತ್ತು ಉಳಿದಿರುತ್ತದೆ. ಇದರ ಪಕ್ಕದಲ್ಲಿ ೧೧ ಆಗಸ್ಟ್ ೨೦೨೪, ರವಿವಾರ, ಸಂಜೆ ಆರೂ ನಲವತ್ತು ಎಂದಿದೆ. ನೀನು ಮೊದಲ ಸಲ ನಮ್ಮ ಮನೆಗೆ ಬಂದ ದಿನ. ನಿನ್ನನ್ನು ಬಸ್ ಹತ್ತಿಸಿ ಬಂದವಳೇ ಬರೆದಿದ್ದೇನೆ. ಬಾವಲಿಯ ಮಾತೆಲ್ಲ ಸುಳ್ಳು. ಅವತ್ತು ನೀನು ಮೆಟ್ಟಿಲು ಹತ್ತುತ್ತಿರುವಾಗ ಅವ್ವ ನನ್ನ ಅಣ್ಣನ ಸಣ್ಣ ಮಗಳನ್ನು ಒಳಗೆ ಎಳೆದುಕೊಂಡು ನಡುಮನೆಯ ಬಾಗಿಲು ಹಾಕಿಕೊಂಡಳು, ಚಿಲಕದ ಸದ್ದು ನಮ್ಮಿಬ್ಬರಿಗೂ ಕೇಳಿಸಿತು. ಅವ್ವನಿಗೆ ತಲೆನೋವು, ಮಲಗಿದ್ದಾಳೆ ಎಂದು ನಾನು ನಿನಗೆ ಹೇಳಿದೆ. ಅವಳಿಗೆ ತೊಂದರೆ ಆಗಬಾರದೆಂದು ನೀನು ಸಂಜೆಯವರೆಗೂ ಪಿಸುಮಾತಿನಲ್ಲೇ ಮಾತಾಡಿದೆ. ಅವ್ವನಿಗೆ ತಲೆನೋವು ಇರಲಿಲ್ಲ.